ಎಲ್ಲರ ಕಣ್ಣೆದುರು ಇಟ್ಟ ಗಡುವು

ಲಂಡನ್,
ಆದಿತ್ಯವಾರ, 12 ಏಪ್ರಿಲ್ 2026

ತೀರ್ಥರೂಪ ಅಪ್ಪಾ ಅವರ ಪಾದಗಳಿಗೆ ಮಗಳು ಮಾಡುವ ನಮಸ್ಕಾರಗಳು.

ಇತ್ತ ನಾನು, ಅಕ್ಕ, ನಿಮ್ಮ ಅಳಿಯಂದಿರು, ಮಕ್ಕಳು ಎಲ್ಲರೂ ಕ್ಷೇಮ. ಅತ್ತ ನೀವು, ಅವ್ವ, ತಮ್ಮ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸುರೇಬಾನದಲ್ಲಿ ಬಿಸಿಲು ಏರಿದೆಯೆಂದು ತಮ್ಮ ಹೇಳಿದ. ಮುಂಜಾನೆ ಮೈದಾನಕ್ಕೆ ಹೋಗುವುದಿದ್ದರೆ ಎಂಟರೊಳಗೆ ಮನೆಗೆ ಬಂದುಬಿಡಿ.

ಮೊನ್ನೆ ಫೋನಿನಲ್ಲಿ ನೀವು, "ಏನೇನು ನೋಡಿದಿ ಒಂದು ಕಾಗದಾ ಬರಿ, ಫೋನಿನಾಗ ಎಲ್ಲಾ ತಿಳಿಯೂದಿಲ್ಲ" ಅಂದಿರಿ. ಟವರ್ ಬ್ರಿಜ್, ಬಕಿಂಗ್‌ಹ್ಯಾಮ್ ಅರಮನೆ, ಥೇಮ್ಸ್ ಹೊಳೆ ಇವುಗಳ ಫೋಟೋ ತಮ್ಮನ ಮೊಬೈಲಿಗೆ ಕಳಿಸಿದ್ದೇನೆ, ಅವ್ವನಿಗೆ ತೋರಿಸಲಿ. ಕಾಗದದಲ್ಲಿ ಬರೆಯಬೇಕೆಂದಿರುವುದು ಒಂದು ಗಡಿಯಾರದ ಸುದ್ದಿ. ಅದು ಈಗ ಇಲ್ಲಿಲ್ಲ, ಹಾಗಾಗಿ ಫೋಟೋ ಕಳಿಸಲು ಬರುವುದಿಲ್ಲ. ಆದರೆ ಇಷ್ಟು ವರ್ಷ ಮಕ್ಕಳನ್ನು ಓಡಿಸಿ, ಸ್ಟಾಪ್‌ವಾಚ್ ಹಿಡಿದು ನಿಂತ ಪಿ.ಟಿ. ಮಾಸ್ತರರಿಗೆ ಅದರ ಕಥೆ ತಿಳಿಸದೆ ಇರಲಾರೆ.

ಅಳಿಯಂದಿರು ನನ್ನನ್ನು ಟ್ರಫಾಲ್ಗರ್ ಚೌಕಕ್ಕೆ ಕರೆದುಕೊಂಡು ಹೋಗಿದ್ದರು. ನಡುವೆ ನೆಲ್ಸನ್ನನ ಎತ್ತರದ ಕಂಬ, ಬುಡದಲ್ಲಿ ನಾಲ್ಕು ಕಂಚಿನ ಸಿಂಹಗಳು, ಬದಿಗೆ ಕಾರಂಜಿ. "ಇಲ್ಲೇ ಇತ್ತು ನೋಡು" ಎಂದು ತೋರಿಸಿದರು. 2012ರ ಒಲಿಂಪಿಕ್ಸಿಗೆ ಇನ್ನು ಎಷ್ಟು ದಿನ ಎಂದು ಊರಿಗೆಲ್ಲ ಸಾರಿದ ಗಡಿಯಾರ. ಸುಮಾರು ಆರೂವರೆ ಮೀಟರ್ ಎತ್ತರ, ಉಕ್ಕಿನ ಮೈ. 2011ರ ಮಾರ್ಚ್ 14ರ ಸಂಜೆ ಅದರ ಅನಾವರಣ ಆಯಿತು. ಒಂದು ಮುಖ ಮರುವರ್ಷದ ಜುಲೈ 27ಕ್ಕೆ, ಅಂದರೆ ಒಲಿಂಪಿಕ್ಸಿಗೆ ದಿನ ಎಣಿಸುತ್ತಿತ್ತು. ಇನ್ನೊಂದು ಮುಖ ಆಗಸ್ಟ್ 29ಕ್ಕೆ ಶುರುವಾಗುವ ಪ್ಯಾರಾಲಿಂಪಿಕ್ಸಿಗೆ. ದಿನ, ತಾಸು, ನಿಮಿಷ, ಸೆಕೆಂಡು ನಾಲ್ಕೂ ಕಾಣುತ್ತಿದ್ದವು.

ಮರುದಿನವೇ ಅದು ನಿಂತುಬಿಟ್ಟಿತು! 500 ದಿನ, 7 ತಾಸು, 6 ನಿಮಿಷ, 56 ಸೆಕೆಂಡು. ಅಲ್ಲಿಂದ ಮುಂದಕ್ಕೆ ಅಂಕಿ ಕದಲಲಿಲ್ಲ. ಆಟದ ಟಿಕೆಟ್ ಮಾರಾಟ ಶುರುವಾಗಿದ್ದೂ ಅದೇ ದಿನ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ತಂತ್ರಜ್ಞರು ಬಂದು ಸರಿಮಾಡಿ ಮತ್ತೆ ಓಡಿಸಿದರು. ಅಳಿಯಂದಿರು ಆಗ ಹೊಸದಾಗಿ ಇಲ್ಲಿ ನೌಕರಿಗೆ ಸೇರಿದ್ದರಂತೆ. ಆಫೀಸಿಗೆ ಹೋಗುವಾಗ ಬರುವಾಗ ಆ ಅಂಕಿ ನೋಡದೆ ದಾಟಿದವರೇ ಇರಲಿಲ್ಲ ಅನ್ನುತ್ತಾರೆ.

ಅಪ್ಪಾ, ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಗಡಿಯಾರ ಕೆಟ್ಟಿತು ಎಂಬುದಲ್ಲ. ಕೆಟ್ಟದ್ದು ಎಲ್ಲರ ಕಣ್ಣಿಗೆ ಬಿತ್ತು, ಎಲ್ಲರ ಕಣ್ಣೆದುರೇ ಸರಿಯಾಯಿತು ಎಂಬುದು. ಗಡುವನ್ನು ಆಫೀಸಿನ ಕಡತದಲ್ಲಿ ಇಡಬಹುದು, ಚೌಕದ ನಡುವೆಯೂ ಇಡಬಹುದು. ಚೌಕದಲ್ಲಿ ಇಟ್ಟರೆ ಹಾಲು ಹಾಕುವವನೂ ಕೇಳುತ್ತಾನೆ, "ದಿನಾ ಕಡಿಮಿ ಆಗಾಕತ್ತಾವು, ಕೆಲಸ ಎಲ್ಲಿಗೆ ಬಂತು?" ಎಂದು. ಲಂಡನ್ನಿಗೆ ಈ ಆಟ ಒಲಿದದ್ದು 2005ರ ಜುಲೈ 6ರಂದು, ಸಿಂಗಪುರದ ಸಭೆಯಲ್ಲಿ. ಊರಿನ ಪೂರ್ವಕ್ಕೆ, ಹಳೆಯ ಕಾರ್ಖಾನೆಗಳ ಎಣ್ಣೆ-ರಾಸಾಯನಿಕ ಕುಡಿದ ನೆಲವನ್ನು ಅಗೆದು, ಮಣ್ಣು ತೊಳೆದು, ವಿದ್ಯುತ್ ತಂತಿಗಳನ್ನು ನೆಲದೊಳಗೆ ಇಳಿಸಿ ಕ್ರೀಡಾಂಗಣ ಕಟ್ಟಿದರು. ಏಳು ವರ್ಷದ ಆ ದುಡಿತದ ಕೊನೆಯ 500 ದಿನಗಳನ್ನು ಊರಿನ ಮುಂದೆ ಬಿಚ್ಚಿಟ್ಟದ್ದು ಈ ಗಡಿಯಾರ.

ನಮ್ಮ ಸೀಮೆಯಲ್ಲಿ ಇಂಥದ್ದು ಯಾಕೆ ಬೇಕಾಗಲಿಲ್ಲ ಎಂದು ವಿಚಾರ ಮಾಡಿದೆ. ಸವದತ್ತಿ ಎಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಗೊಡಚಿ ವೀರಭದ್ರನ ಜಾತ್ರೆ, ಯಾವುದಕ್ಕೂ ಯಾರೂ ಅಂಕಿ ತೂಗುಹಾಕುವುದಿಲ್ಲ. ಆದರೂ ಇನ್ನೆಷ್ಟು ದಿನ ಎಂದು ಮನೆಮನೆಗೆ ಗೊತ್ತು. ಯಾಕೆಂದರೆ ಮನೆಮನೆಗೂ ಅದರ ಕೆಲಸ ಇರುತ್ತದೆ: ಒಬ್ಬರು ಚಕ್ಕಡಿ ಸಜ್ಜು ಮಾಡಬೇಕು, ಒಬ್ಬರು ರೊಟ್ಟಿ ಬಡಿದು ಒಣಗಿಸಬೇಕು, ಒಬ್ಬರು ಬೀಗರಿಗೆ ಹೇಳಿ ಕಳಿಸಬೇಕು. ಎಣಿಕೆ ಕೈಯಲ್ಲೇ ಇರುತ್ತದೆ. 80 ಲಕ್ಷಕ್ಕೂ ಹೆಚ್ಚು ಜನ ಇರುವ ಪಟ್ಟಣದಲ್ಲಿ ಹೆಚ್ಚಿನವರಿಗೆ ಆಟದ ಕೆಲಸವೇ ಇಲ್ಲ. ಅವರ ಕೈಗೂ ಎಣಿಕೆ ಕೊಡಬೇಕಾದರೆ ಗಡಿಯಾರ ನಿಲ್ಲಿಸಬೇಕಾಗುತ್ತದೆ.

ಬೇರೆ ಊರುಗಳಲ್ಲೂ ಇಂಥ ಗಡಿಯಾರಗಳು ಆಗಿಹೋಗಿವೆ. ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಮೊದಲು ನಿಂತದ್ದು ಆಟಕ್ಕಲ್ಲ, 1997ರ ಜುಲೈ 1ರಂದು ಹಾಂಕಾಂಗ್ ಚೀನಾಕ್ಕೆ ಮರಳುವ ದಿನಕ್ಕೆ. ಆಮೇಲೆ 2008ರ ಒಲಿಂಪಿಕ್ಸಿಗೂ ಅಲ್ಲೇ ದಿನ ಎಣಿಸಿದರು. ಕತಾರಿನ ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿಗೆ ಸರಿಯಾಗಿ ಒಂದು ವರ್ಷ ಇದ್ದಾಗ, 2021ರ ನವೆಂಬರ್ 21ರಂದು, ಸಮುದ್ರದ ದಂಡೆಗೆ ಗಡಿಯಾರ ಇಟ್ಟರು. ಮರುವರ್ಷ ಆಗಸ್ಟಿನಲ್ಲಿ ಆಟದ ಆರಂಭವನ್ನೇ ಒಂದು ದಿನ ಮುಂಚೆ ತಂದರು, ಗಡಿಯಾರದಿಂದಲೂ ಒಂದು ದಿನ ಕಳೆಯಬೇಕಾಯಿತು.

ಎಲ್ಲಕ್ಕಿಂತ ಮನಸ್ಸು ಕಲಕುವುದು ಟೋಕಿಯೊದ್ದು. ನಮ್ಮ ಬೆಳಗಾವಿಯ ಬಂಡು ಪಾಟೀಲರು ಇದ್ದ ಹಾಕಿ ತಂಡ 1964ರಲ್ಲಿ ಚಿನ್ನ ಗೆದ್ದ ಊರು ಅದು. ಅಲ್ಲಿಯ ರೈಲ್ವೆ ಸ್ಟೇಷನ್ನಿನ ಮುಂದೆ 2020ರ ಒಲಿಂಪಿಕ್ಸಿಗೆ ದಿನಗಳು ಇಳಿಯುತ್ತಿದ್ದವು. ಆಗ ಕೊರೊನಾ ಬಂತು. 2020ರ ಮಾರ್ಚ್ 24ರಂದು ಆಟ ಮುಂದಕ್ಕೆ ಹೋಯಿತು, ಎಣಿಕೆ ನಿಂತಿತು, ಗಡಿಯಾರ ಬರೀ ಅಂದಿನ ತಾರೀಖು, ಹೊತ್ತು ತೋರಿಸತೊಡಗಿತು. ವಾರದೊಳಗೆ ಹೊಸ ದಿನ ಗೊತ್ತಾಯಿತು: 2021ರ ಜುಲೈ 23. ಗಡಿಯಾರ ಮತ್ತೆ 479 ದಿನಗಳಿಂದ ಶುರುವಾಯಿತು. ಜನ ಮನೆಯೊಳಗೆ ಕದ ಹಾಕಿಕೊಂಡು ಕೂತ ಆ ಹೊತ್ತಿನಲ್ಲಿ, ಮುಂದೆ ಒಂದು ದಿನ ಇದೆ ಎಂದು ಹೇಳುವ ಅಂಕಿಗೆ ಎಷ್ಟು ಬೆಲೆ ಇದ್ದೀತು! ಅದನ್ನೇ ನಂಬಿ ಕೋಣೆಯೊಳಗೆ, ಅಟ್ಟದ ಮೇಲೆ ಸಾಧನೆ ಮಾಡಿದ ಆಟಗಾರರು ಎಷ್ಟು ದೇಶಗಳಲ್ಲಿ ಇದ್ದಾರೋ.

ಆದರೆ ಗಡುವು ಹತ್ತಿರ ಬಂತೆಂದ ಮಾತ್ರಕ್ಕೆ ಕೆಲಸ ಚೆನ್ನಾಗಿ ಆಗುವುದಿಲ್ಲ. ನಿಮಗೆ ನೆನಪಿದೆ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ 2010ರ ಅಕ್ಟೋಬರ್ 3ಕ್ಕೆ ಶುರುವಾಗಬೇಕಿತ್ತು. ಸೆಪ್ಟೆಂಬರ್ 21ಕ್ಕೆ ಮುಖ್ಯ ಕ್ರೀಡಾಂಗಣದ ಹತ್ತಿರ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿದು ಕೂಲಿಕಾರರು ಗಾಯಗೊಂಡರು. ಅವತ್ತು ರಾತ್ರಿ ಟಿ.ವಿ. ನೋಡಿ ನೀವು ಊಟಕ್ಕೆ ಏಳಲಿಲ್ಲ. ಕೊನೆಯ ಹನ್ನೆರಡು ದಿನದಲ್ಲಿ ಅವಸರ ಮಾಡುವವರಿಗೆ ಗಡಿಯಾರ ಸಹಾಯ ಮಾಡಲಾರದು. ಅದು ಉಪಯೋಗಕ್ಕೆ ಬರುವುದು ಐನೂರು ದಿನ ಇದ್ದಾಗಲೇ ತಿರುಗಿ ನೋಡುವವರಿಗೆ.

ಈಗ ಲಂಡನ್ನಿನ ಗಡಿಯಾರದ ಎರಡನೆಯ ಮುಖದ ಮಾತು. 2012ರ ಜುಲೈ 27ರ ಮುಂಜಾನೆ 8 ಗಂಟೆ 12 ನಿಮಿಷಕ್ಕೆ ದೇಶದುದ್ದಕ್ಕೂ ಗಂಟೆ ಬಾರಿಸಿದರು. ಇಲ್ಲಿಯ ಬಿಗ್ ಬೆನ್ ಮೂರು ನಿಮಿಷದಲ್ಲಿ 40 ಸಲ ಹೊಡೆಯಿತು. ಒಲಿಂಪಿಕ್ಸ್ ಮುಗಿದ ಮೇಲೂ ಆಗಸ್ಟ್ 29ರ ದಿನ ಬರುವುದು ಇನ್ನೂ ಬಾಕಿ ಇತ್ತು. ನಮ್ಮ ಕರ್ನಾಟಕದ ಮಟ್ಟಿಗೆ ನಿಜವಾದ ದಿನ ಅದರ ಆಚೆಗಿತ್ತು. ಸೆಪ್ಟೆಂಬರ್ 3ರಂದು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, ಒಂದು ಕಾಲಿನ ನ್ಯೂನತೆಯೊಡನೆ ಹುಟ್ಟಿದ ರೈತನ ಮನೆಯ ಹುಡುಗ, ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಕೂಡ ಜಿಗಿದದ್ದು ಅಷ್ಟೇ ಎತ್ತರ. ತಪ್ಪಿದ ಜಿಗಿತಗಳ ಲೆಕ್ಕದಲ್ಲಿ ಗಿರೀಶ ಎರಡನೆಯವರಾದರು. ಆ ಸಲದ ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಹನ್ನೆರಡು ವರ್ಷದ ಮೇಲೆ, 2024ರ ಪ್ಯಾರಿಸ್ಸಿನಲ್ಲಿ, ಆ ಒಂದು 29 ಆಯಿತು. ಅದರಲ್ಲಿ ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜರ ಬ್ಯಾಡ್ಮಿಂಟನ್ ಬೆಳ್ಳಿಯೂ ಒಂದು. ಹೆಚ್ಚು ಜನ ನಿಂತು ನೋಡದ ಕಡೆಗೂ ಅಷ್ಟೇ ದೊಡ್ಡ ಅಂಕಿ ತೋರಿಸಿದ್ದಕ್ಕಾಗಿ ಆ ಗಡಿಯಾರ ನನಗೆ ದೊಡ್ಡದಾಗಿ ಕಾಣುತ್ತದೆ.

ನಿನ್ನೆ ಸ್ಟ್ರಾಟ್‌ಫರ್ಡ್‌ಗೆ ಹೋಗಿ ಒಲಿಂಪಿಕ್ ಪಾರ್ಕ್ ನೋಡಿಬಂದೆವು. ಸೊನ್ನೆ ಆದಮೇಲೆ ಏನಾಯಿತು ಎಂದು ನೋಡುವ ಆಸೆ ಇತ್ತು. ಆಟಗಾರರು ಇದ್ದ ಮನೆಗಳಲ್ಲಿ ಈಗ ಸಂಸಾರಗಳಿವೆ, ಗ್ಯಾಲರಿಯಲ್ಲಿ ಅರಿವೆ ಒಣಗುತ್ತಿತ್ತು. ಒಲಿಂಪಿಕ್ ಈಜುಗೊಳದಲ್ಲಿ ಟಿಕೆಟ್ ತೆಗೆದು ಯಾರು ಬೇಕಾದರೂ ಇಳಿಯಬಹುದು. ಅಕ್ಕನ ಮಗಳು ಅಲ್ಲೇ ಈಜು ಕಲಿತಳಂತೆ. ನಮ್ಮ ಬೆಂಗಳೂರೂ ಇದನ್ನು ಮಾಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗಾಗಿ ಕೋರಮಂಗಲದಲ್ಲಿ ಕಟ್ಟಿದ ವಸತಿಗೆ ಇವತ್ತಿಗೂ ನ್ಯಾಷನಲ್ ಗೇಮ್ಸ್ ವಿಲೇಜ್ ಎಂದೇ ಹೆಸರು, ಅಲ್ಲೂ ಸಂಸಾರಗಳಿವೆ. ಕ್ರೀಡಾಕೂಟ ಹದಿನೈದು ದಿನದಲ್ಲಿ ಮುಗಿಯುತ್ತದೆ, ಮನೆ-ಮೈದಾನ ಊರಿಗೆ ಉಳಿಯಬೇಕು.

ಬಸವ ಜಯಂತಿ ಮುಂದಿನ ವಾರ ಇರುವುದರಿಂದ ಥೇಮ್ಸ್ ದಂಡೆಯ ಬಸವಣ್ಣನವರ ಮೂರ್ತಿಗೂ ಹೋಗಿ ಕೈಮುಗಿದು ಬಂದೆವು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ ಮೂರ್ತಿ ಅದು. ಕಾಯಕದ ಮಾತು ಹೇಳಿದವರ ಮುಂದೆ ನಿಂತಾಗ ನೀವು ನೆನಪಾದಿರಿ. ಕಾಯಕಕ್ಕೆ ಉದ್ಘಾಟನೆ ಇಲ್ಲ, ಸಮಾರೋಪ ಇಲ್ಲ.

ನಿಮ್ಮ ಸ್ಟಾಪ್‌ವಾಚ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕರಿ ದಾರ ಕೊರಳಿಗೆ, ಹೆಬ್ಬೆರಳು ಗುಂಡಿಯ ಮೇಲೆ. ಒತ್ತಿ ಒತ್ತಿ ಗುಂಡಿಯ ಮೇಲಿನ ಹೊಳಪು ಹೋಗಿ ಹಿತ್ತಾಳೆ ಕಾಣುತ್ತಿತ್ತು. ಸುಣ್ಣದ ಗೆರೆ ದಾಟಿದ ಕೂಡಲೇ ನಾವು ಏದುಸಿರು ಬಿಡುತ್ತ "ಎಷ್ಟ್ರೀ ಸರ್, ಎಷ್ಟ್ರೀ?" ಎಂದು ಮುತ್ತುತ್ತಿದ್ದೆವು. ನಾನೂ ಅಲ್ಲಿ ನಿಮ್ಮನ್ನು ಸರ್ ಅಂತಲೇ ಕರೆಯಬೇಕಿತ್ತು. ನೀವು ಪಟ್ಟಿಯಲ್ಲಿ ತಾರೀಖಿನ ಜೊತೆ ಬರೆದು, ಹಿಂದಿನ ಹಾಳೆ ತಿರುವಿ, "ಹೋದ ತಿಂಗಳಕಿಂತ ಕಡಿಮಿ ಆತು" ಅಂದರೆ ನಮಗೆ ಅದೇ ಪದಕ. ಪಟ್ಟಣದ ಗಡಿಯಾರ ಸೊನ್ನೆಯ ಕಡೆಗೆ ಇಳಿಯುತ್ತದೆ, ನಿಮ್ಮದು ಸೊನ್ನೆಯಿಂದ ಹೊರಟು ಏರುತ್ತದೆ. ನಿಮ್ಮಂಥವರು ಹಳ್ಳಿಯ ಮೈದಾನಗಳಲ್ಲಿ ವರ್ಷಗಟ್ಟಲೆ ಗುಂಡಿ ಒತ್ತದೆ ಇದ್ದರೆ ಯಾವ ಪಟ್ಟಣದ ಗಡಿಯಾರ ಸೊನ್ನೆ ಮುಟ್ಟಿ ಏನು ಪ್ರಯೋಜನ? ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವೆರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದ ಕಥೆಯನ್ನು ನೀವೇ ನಮಗೆ ಹೇಳುತ್ತಿದ್ದಿರಿ. ಆ ಸಲ ದೂರ 42.75 ಕಿಲೋಮೀಟರ್, ಇವತ್ತಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಅವರಿಗಾಗಿ ಯಾವ ಚೌಕದಲ್ಲೂ ಯಾರೂ ದಿನ ಎಣಿಸಿರಲಿಲ್ಲ.

ಹೋದ ವರ್ಷ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಟ್ಟರು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಶುರುವಾದ ಕೂಟಕ್ಕೆ ಅಲ್ಲಿಗೆ ನೂರು ವರ್ಷ. ಇವತ್ತು ನಮ್ಮೂರ ಸಾಲೆಯಲ್ಲಿ ಹದಿಮೂರು ವರ್ಷದ ಹುಡುಗಿ ಆಗ ಹದಿನೇಳರವಳು. ಅವಳ ಗಡಿಯಾರ ಈಗಾಗಲೇ ಶುರುವಾಗಿದೆ.

ಅದಕ್ಕೆ ಒಂದು ಕೇಳಿಕೊಳ್ಳುತ್ತೇನೆ. ಜೂನಿನಲ್ಲಿ ಸಾಲೆ ತೆರೆದಾಗ ಹೆಡ್‌ಮಾಸ್ತರರಿಗೆ ಹೇಳಿ, ಮೈದಾನದ ಕಡೆಯ ಗೋಡೆಗೆ ಕರಿಬಣ್ಣ ಬಳಿಸಿ ಮೂರು ಸಾಲು ಬರೆಸಿ. ಮೊದಲನೆಯದು, ತಾಲೂಕು ಮಟ್ಟದ ದಸರಾ ಕ್ರೀಡಾಕೂಟಕ್ಕೆ ಉಳಿದ ದಿನ. ಎರಡನೆಯದು, ಇವತ್ತು ಮುಂಜಾನೆ ಓಡಲು ಬಂದ ಮಕ್ಕಳು ಎಷ್ಟು. ಇದು ಹುಡುಗರು, ಹುಡುಗಿಯರು ಬೇರೆ ಬೇರೆ ಇರಲಿ, ಕಾಲು-ಕೈ ಊನವಿರುವ ಮಕ್ಕಳನ್ನೂ ಸೇರಿಸಿ ಎಣಿಸಲಿ. ಮೂರನೆಯದು, ಮಳೆಗಾಲದಲ್ಲಿ ನೀರು ನಿಲ್ಲುವ ಆ ಮೈದಾನವನ್ನು ಸಮ ಮಾಡಿಸಿ ಕೊಡುತ್ತೇವೆಂದು ಮಾತು ಕೊಟ್ಟವರು ಹೇಳಿದ ತಾರೀಖು, ಅದಕ್ಕೆ ಉಳಿದ ದಿನ. ಯಾರ ಹೆಸರೂ ಬೇಡ, ತಾರೀಖು ಸಾಕು. ದಿನಾ ಮುಂಜಾನೆ ಒಬ್ಬ ಹುಡುಗ ಅಳಿಸಿ ಹೊಸ ಅಂಕಿ ಬರೆಯಲಿ. ಹೊಲಕ್ಕೆ ಹೋಗುವವರು, ಬಸ್ಸಿಗೆ ನಿಂತವರು ಓದಲಿ. ಬಣ್ಣದ ಖರ್ಚು ನಾನು ಕಳಿಸುತ್ತೇನೆ.

ಅವ್ವನಿಗೆ ನಮಸ್ಕಾರ ಹೇಳಿ, ತಮ್ಮನಿಗೆ ಆಶೀರ್ವಾದ. ಅಕ್ಕ ನಿಮಗೊಂದು ಹೊಸ ಸ್ಟಾಪ್‌ವಾಚ್ ತೆಗೆದಿಟ್ಟಿದ್ದಾಳೆ, ಬರುವಾಗ ತರುತ್ತೇನೆ. ಗೋಡೆಯ ಮೇಲೆ ಬರೆಸಿದ ದಿನ ಮೂರು ಅಂಕಿಯನ್ನೂ ಫೋನಿನಲ್ಲಿ ತಿಳಿಸಿ.

ನಿಮ್ಮ ಮಗಳು