ಹೋಲ್ಡಾನ್

ಮೂವತ್ತೊಂದು ವರ್ಷ ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. ಸಂಧಿ ಬಿಡಿಸಲಾರದ ಹುಡುಗರನ್ನೂ ದಡ ಹತ್ತಿಸಿದ್ದೇನೆಂಬ ಜಂಬ ರಿಟೈರಾದ ಮೇಲೂ ಇಳಿದಿರಲಿಲ್ಲ. ಹಾಗಾಗಿ ಅಣ್ಣನಿಗೆ ಸ್ಟ್ರೋಕ್ ಆಗಿ ಮಾತು ಹೋದಾಗ, ‘ಮಾತು ತಾನೆ, ಅದು ನನ್ನ ಡಿಪಾರ್ಟ್‌ಮೆಂಟು, ನನಗೆ ಬಿಡಿ’ ಅಂದುಬಿಟ್ಟೆ. ಅತ್ತಿಗೆ ನಂಬಿದರು, ಪಾಪ.

ಅಣ್ಣ ಬಿಟಿಎಸ್ ಕಾಲದಲ್ಲಿ ಕಂಡಕ್ಟರಾಗಿ ಸೇರಿ ಬಿಎಂಟಿಸಿಯಲ್ಲಿ ನಿವೃತ್ತನಾದವನು. ಸರ್ವಿಸ್ಸಿನ ಬಹುಪಾಲು ಮೈಸೂರು ರಸ್ತೆಯಲ್ಲೇ, ಕೆಂಗೇರಿಗೂ ಮಾರ್ಕೆಟ್ಟಿಗೂ. ಕನ್ನಡ, ತೆಲುಗು, ತಮಿಳು, ಉರ್ದು, ನಾಲ್ಕರಲ್ಲೂ ಚಿಲ್ಲರೆ ಕೇಳಬಲ್ಲವನು, ನಾಲ್ಕರಲ್ಲೂ ಜಗಳ ಆಡಬಲ್ಲವನು. ಒಂದು ಬೆಳಿಗ್ಗೆ ಬಲಗೈ, ಬಲಗಾಲು ಬಿದ್ದುಹೋದವು. ಅವುಗಳ ಜೊತೆ ನಾಲ್ಕೂ ಭಾಷೆ ಹೋದವು. ಮೆದುಳಿನ ಎಡಭಾಗಕ್ಕೆ ರಕ್ತ ನಿಂತಿತ್ತು, ಇದಕ್ಕೆ ಅಫೇಸಿಯಾ ಅಂತಾರೆ, ಮಾತು ಹೋಗಿದೆಯೇ ಹೊರತು ಬುದ್ಧಿ ಹೋಗಿಲ್ಲ ಎಂದರು ಡಾಕ್ಟರು. ನಾನು ಮೊದಲರ್ಧ ಮಾತ್ರ ಕೇಳಿಸಿಕೊಂಡೆ.

ಉಳಿದಿದ್ದು ಒಂದು ‘ಹೂಂ’, ಒಂದು ‘ರೈಟ್ ರೈಟ್’, ಒಂದು ‘ಹೋಲ್ಡಾನ್’.

ವಿಜಯನಗರದಿಂದ ಕೆಂಗೇರಿಗೆ ದಿನಾ ಮೆಟ್ರೋದಲ್ಲಿ ಹೋಗಿ ಪಾಠ ಶುರುಮಾಡಿದೆ. ಕೈಯಲ್ಲಿ ಮಕ್ಕಳ ವರ್ಣಮಾಲೆಯ ಚಾರ್ಟು! ಅ ಅರಸ, ಆ ಆನೆ. ಅರವತ್ತೆಂಟು ವರ್ಷದ, ಮೊಮ್ಮಗಳಿರುವ ಗಂಡಸಿನ ಎದುರು ಗೋಡೆಗೆ ಅದನ್ನು ತೂಗುಹಾಕುವಾಗ ನನಗೆ ಒಂದಿಷ್ಟೂ ಸಂಕೋಚವಾಗಲಿಲ್ಲ. ಚಮಚ ಎತ್ತಿ ಹಿಡಿದು ‘ಇದೇನು ಹೇಳು’ ಅನ್ನುತ್ತಿದ್ದೆ. ಅಣ್ಣ ಕಷ್ಟಪಟ್ಟು ‘ಲೋಟ’ ಅನ್ನುತ್ತಿದ್ದ. ‘ತಪ್ಪು. ಇನ್ನೊಂದ್ಸಲ.’ ಚಮಚಕ್ಕೂ ಲೋಟಕ್ಕೂ ಇರುವ ನೆಂಟಸ್ತಿಕೆ ಹುಡುಕಿ, ಸರಿಯಾದ ಮನೆಯ ಪಕ್ಕದ ಬಾಗಿಲನ್ನು ತಟ್ಟಿದ್ದಾನೆ ಅಂತ ಆಗ ಹೊಳೆಯಲೇ ಇಲ್ಲ. ನೋಡಲು ನೆಂಟರು ಬಂದರೆ ಅವರ ಮುಂದೆಯೇ ಪರೀಕ್ಷೆ: ‘ಇವರ್ಯಾರು ಹೇಳು ನೋಡೋಣ?’ ಒಂದು ದಿನ ಮೊಮ್ಮಗಳನ್ನು ಮಗಳ ಹೆಸರಿಂದ ಕರೆದ. ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು. ಅಣ್ಣ ಗೋಡೆ ಕಡೆ ತಿರುಗಿ ಮಲಗಿದ. ‘ಇವತ್ತು ಮೂಡಿಲ್ಲ’ ಅಂತ ನಾನೇ ವಿವರಣೆ ಕೊಟ್ಟೆ.

ಇಷ್ಟಾದರೂ ಮಾಫಿಯಿತ್ತೇನೋ. ಮಹಾನವಮಿಗೆ ಮುಂಚೆ ಮನೆ ತೊಳೆಯುವಾಗ ಸಜ್ಜದ ಮೇಲಿನ ಸಾಮಾನೆಲ್ಲ ಇಳಿಸಿದೆವು. ಬೀದಿಯಲ್ಲಿ ಗುಜರಿಯವನ ಕೂಗು. ಒಂದೊಂದೇ ಎತ್ತಿ ತೋರಿಸಿ ‘ಇದು ಕೊಡೋದಾ ಅಣ್ಣ?’ ಅಂತ ಕೇಳುತ್ತಿದ್ದೆ. ‘ಹೂಂ.’ ಮುರಿದ ಸ್ಟೂಲು, ‘ಹೂಂ.’ ಹಳೇ ಬಕೆಟ್ಟು, ‘ಹೂಂ.’ ಒಂದು ಚರ್ಮದ ಚೀಲ, ಅಂಚು ಹರಿದು ಬೂಸ್ಟು ಹಿಡಿದದ್ದು. ‘ಹೂಂ.’ ಅದನ್ನು ಗೋಣಿಗೆ ತುಂಬುವಾಗ ಅಣ್ಣ ಎಡಗೈಯಿಂದ ಮಂಚ ಬಡಿದು ‘ಹೋಲ್ಡಾನ್! ಹೋಲ್ಡಾನ್!’ ಎಂದು ಕೂಗಿದ. ನಾನು ಗುಜರಿಯವನಿಗೆ, ‘ಕಂಡಕ್ಟರ್ ಅಲ್ವಾ, ಇನ್ನೂ ಬಸ್ ನಿಲ್ಲಿಸ್ತಾ ಇದ್ದಾನೆ’ ಅಂದೆ. ಅವನೂ ನಕ್ಕ. ಎಲ್ಲಾ ಸೇರಿ ನೂರಾ ನಲವತ್ತು ರೂಪಾಯಿ ಕೊಟ್ಟ.

ಆಯುಧಪೂಜೆಯ ದಿನ ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ಸಜ್ಜದ ಕೆಳಗೆ ನಿಂತು, ‘ಇವರ ಕ್ಯಾಶ್ ಬ್ಯಾಗು ಎಲ್ಲಿ?’ ಅಂದರು. ಪ್ರತಿ ವರ್ಷ ಅದಕ್ಕೆ ಹೂ ಏರಿಸಿಯೇ ಅಣ್ಣ ಹೋಳಿಗೆಗೆ ಕೂರುತ್ತಿದ್ದದ್ದು. ಅಣ್ಣ ನನ್ನನ್ನು ನೋಡಿದ, ಬೈಯಲಿಲ್ಲ. ಬೈಯಲು ಅವನ ಹತ್ತಿರ ಮಾತೆಲ್ಲಿತ್ತು? ಆ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಸ್ಪೀಚ್ ಥೆರಪಿಸ್ಟ್ ಬಂದರು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ, ನನ್ನ ಕೊನೇ ಬ್ಯಾಚಿನವರ ವಯಸ್ಸು. ನನ್ನ ಪಾಠವನ್ನು ಒಂದಿಷ್ಟು ಹೊತ್ತು ನೋಡಿ, ‘ಸರ್, ಕೇಳಿದ ಮೇಲೆ ಎಷ್ಟು ಹೊತ್ತು ಕಾದ್ರಿ?’ ಅಂದಳು. ಬೇಕಾದಷ್ಟು ಅಂದೆ. ‘ಮೂರು ಸೆಕೆಂಡು.’ ಹೌದು, ಕ್ಲಾಸಿನಲ್ಲೂ ಅಷ್ಟೇ ಕಾಯುತ್ತಿದ್ದೆನೇನೋ, ಮುಂದಿನ ಬೆಂಚಿನವನು ಕೈಯೆತ್ತುವವರೆಗೆ.

ಹೌದು, ಇಲ್ಲ ಎರಡೂ ಇಂಥವರಲ್ಲಿ ಅದಲುಬದಲಾಗುತ್ತವಂತೆ. ‘ಹೂಂ’ ಅಂದರೆ ಎಷ್ಟೋ ಸಲ ‘ನೀನು ಏನೋ ಕೇಳಿದೆ’ ಎಂದಷ್ಟೇ. ಎಣಿಕೆ, ವಾರದ ಹೆಸರು, ಭಜನೆ, ಬೈಗುಳ, ನಾಲಿಗೆಗೆ ರೂಢಿಯಾದ ಇಂಥವು ಉಳಿದುಕೊಳ್ಳಬಹುದು, ಅವನ್ನೇ ಹಿಡಿದು ಮುಂದೆ ಹೋಗಬೇಕು ಎಂದಳು. ನನಗೆ ಬೇಕಾದ ಉತ್ತರವಾದ್ದರಿಂದ ‘ಹೂಂ’ಗೆ ಅರ್ಥ ಕೊಟ್ಟೆ, ಬೇಡದ ಉತ್ತರವಾದ್ದರಿಂದ ‘ಹೋಲ್ಡಾನ್’ ಅನ್ನು ಹಾಸ್ಯ ಮಾಡಿದೆ. ಅಣ್ಣ ಅವತ್ತು ಆಡಿದ್ದರಲ್ಲಿ ನೂರಕ್ಕೆ ನೂರು ಸರಿಯಾದ ಮಾತು ಅದೊಂದೇ.

ತಪ್ಪಿತಸ್ಥನಿಗೆ ಓದುವ ಚಟ ಹತ್ತುತ್ತದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ನೋಡಿದ ರೋಗಿಗೆ ‘ಟಾನ್’ ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ ಇದ್ದವನಿಗೆ ಅದೇ ಹೆಸರಾಯಿತು. ಆದರೂ ಅವನಿಗೆ ಹೆಚ್ಚುಕಡಿಮೆ ಎಲ್ಲಾ ಅರ್ಥವಾಗುತ್ತಿತ್ತು, ಎಡಗೈ ಸನ್ನೆಯಲ್ಲಿ ಎಷ್ಟೋ ಹೇಳುತ್ತಿದ್ದ. ಹೈದರಾಬಾದಿನಲ್ಲಿ 608 ಸ್ಟ್ರೋಕ್ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದೂ ಸಿಕ್ಕಿತು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಯೋಚನಾಶಕ್ತಿ ಸರಿಯಾಗಿ ಉಳಿದವರ ಪ್ರಮಾಣ ಹೆಚ್ಚು, ಅಫೇಸಿಯಾ ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಸಮ. ಓದಿ ಬೆವರಿದೆ. ಹಾಗಾದರೆ ನಾಲ್ಕು ಭಾಷೆಯ ನನ್ನ ಅಣ್ಣ ಆ ಚಾರ್ಟಿನ ಎದುರು ಪೂರ್ತಿ ಎಚ್ಚರವಾಗಿಯೇ ಕೂತಿದ್ದನೇನೋ.

ಈಗ ಚಾರ್ಟಿಲ್ಲ, ಒಂದು ರಫ್ ನೋಟ್‌ಬುಕ್ ಇದೆ. ಅಣ್ಣನಿಗೆ ಊರಿನ ಹೆಸರು ಬಿಡಿಯಾಗಿ ಬರುವುದಿಲ್ಲ. ಸ್ಟೇಜು ಹಿಡಿದು ಬರುತ್ತದೆ. ಮೊನ್ನೆ ಎಲ್ಲಿಗೋ ಹೋಗಬೇಕು ಅನ್ನುವ ಹಾಗೆ ಚಪ್ಪಲಿ ತೋರಿಸಿದ. ನಾನು ಕೂತೆ. ‘ಕೆಂಗೇರಿ... ಆರ್.ವಿ. ಕಾಲೇಜು... ಯೂನಿವರ್ಸಿಟಿ... ಗೇಟು... ನಾಯಂಡಹಳ್ಳಿ.’ ನಿಲ್ಲಿಸಿ ಮಂಚ ತಟ್ಟಿದ. ಗುಜರಿ ಗೋದಾಮುಗಳಿರುವ ಜಾಗ ಅದು. ನನ್ನ ಎದೆ ಧಸಕ್ಕೆಂದಿತು. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಎರಡು ಪದ ಬರೆದೆ: ಚೀಲ. ಬೇರೆ.

ಎಡಗೈ ಬೆರಳನ್ನು ‘ಬೇರೆ’ ಮೇಲಿಟ್ಟ.

‘ಚೀಲ ಹುಡುಕೋಕೆ ಅಲ್ವಾ ಅಣ್ಣ? ನಿಜವಾಗ್ಲೂ? ಮತ್ತೆ ಅಲ್ಲಿ ಯಾರನ್ನ...’

‘ಹೋಲ್ಡಾನ್’ ಅಂದ.

ಬಾಯಿ ಮುಚ್ಚಿದೆ. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬಿಡಿಸತೊಡಗಿದ. ಮೊದಲು ಒಂದು ಗಾಲಿ ಬಂತು. ಅತ್ತಿಗೆ ತಂದಿಟ್ಟ ಕಾಫಿ ಆರುತ್ತಿತ್ತು.