ವಾಲಗದ ಮನೆಯ ಸ್ಯಾಕ್ಸೋಫೋನು

ಬೇಲೂರಿನ ಚೆನ್ನಕೇಶವನ ಗುಡಿಗೆ ಬಂದವರೆಲ್ಲ ಮದನಿಕೆಯರ ಫೋಟೋ ತೆಗೀತಾರೆ. ಅವರ ಕಾಲ ಬಳಿ, ಮೊಣಕಾಲೆತ್ತರಕ್ಕೂ ಬಾರದ ಮದ್ದಳೆಯವರು, ತಾಳದವರು ನಿಂತಿದ್ದಾರೆ. ಅವರನ್ನು ಕೇಳೋರಿಲ್ಲ. ಹೊಯ್ಸಳರ ಕಾಲದಿಂದ ಬಾರಿಸ್ತಾನೇ ಇದ್ದಾರೆ, ಪಾಪ.

ವಾದ್ಯದವರ ಪಾಡು ಬಹಳ ಕಾಲ ಹಾಗೇ ಇತ್ತು ಅಂದುಕೊಳ್ಳುವಾಗ ಕದ್ರಿ ಗೋಪಾಲನಾಥರು ನೆನಪಾದರು. 1949ರಲ್ಲಿ ಬಂಟ್ವಾಳದ ಕಡೆ ಹುಟ್ಟಿದವರು, ತಂದೆ ತನಿಯಪ್ಪ ನಾಗಸ್ವರದವರು. ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ್ದೇ ತಡ, ಅದರ ಬೆನ್ನು ಬಿದ್ದರು. ಕೀಲಿ ಒತ್ತಿ ಒಂದೊಂದೇ ಸ್ವರ ಹೊರಡಿಸುವ ವಾದ್ಯ ಅದು. ಕರ್ನಾಟಕ ಸಂಗೀತದ ಗಮಕವೋ, ಸ್ವರದಿಂದ ಸ್ವರಕ್ಕೆ ಜಾರಬೇಕು. ವರ್ಷಗಟ್ಟಲೆ ತುಟಿ, ಉಸಿರು ಪಳಗಿಸಿ ಅದನ್ನು ಸಾಧಿಸಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ. ಈಗ ಮದುವೆ ಮನೆಯ ವಾಲಗದಲ್ಲೂ ಸ್ಯಾಕ್ಸೋಫೋನ್ ಕೇಳಿದರೆ ಯಾರೂ ಹುಬ್ಬೇರಿಸಲ್ಲ.

ತಮಾಷೆ ಅಂದ್ರೆ, ಅತ್ತ ಕಡೆಯಿಂದಲೂ ಒಬ್ಬರು ಹೊರಟಿದ್ದರು. ಬಾಸ್ಟನ್ನಿನ ಚಾರ್ಲಿ ಮರಿಯಾನೋ, ಹೆಸರಾಂತ ಜಾಝ್ ಸ್ಯಾಕ್ಸೋಫೋನ್ ವಾದಕರು, ನಾಗಸ್ವರ ಕಲಿತರು! ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದರು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ. ನನಗಂತೂ ಅದರಲ್ಲಿ ಸ್ಯಾಕ್ಸೋಫೋನಿಗಿಂತ ರಮಾಮಣಿಯವರ ದನಿಯೇ ಹೆಚ್ಚು ಹಿಡಿಸಿದ್ದು. ಸಿಕ್ಕರೆ ಕೇಳಿ, ರಾತ್ರಿ ಊಟ ಆದ ಮೇಲೆ.