ಕುದೂರಿನ ಸಾಲುಮರಗಳ ನೆರಳಿನಲ್ಲಿ

ಮಾಗಡಿ ಅಂದ ಕೂಡಲೇ ನಮಗೆ ನೆನಪಾಗುವುದು ಕೆಂಪೇಗೌಡರ ಕೋಟೆ, ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥಸ್ವಾಮಿ. ಅದೇ ತಾಲ್ಲೂಕಿನಲ್ಲಿ ಗೋಪುರವಿಲ್ಲದ, ಹುಂಡಿಯಿಲ್ಲದ ಇನ್ನೊಂದು ಕ್ಷೇತ್ರವೂ ಇದೆ. ಅದು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಚಿಕ್ಕಯ್ಯನವರು ಸಾಕಿ ಬೆಳೆಸಿದ ಆಲದ ಮರಗಳು ಇರುವುದು ಅಲ್ಲಿ.

ನಾನು ಅಲ್ಲಿಗೆ ಹೋದ ಕಾಲವೂ ಅಂಥದೇ. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಏಳು ವರ್ಷ ನೋಡಿಕೊಂಡಿದ್ದೆ. ಅವರು ತೀರಿಕೊಂಡರು. ಅದೇ ವರ್ಷ ಮಗಳು ಗಂಡನ ಮನೆಗೆ ಹೊರಟಳು, ಮಗ ಓದಲು ಮೈಸೂರು ಸೇರಿದ. ಬೆಳಗ್ಗೆ ಹತ್ತಕ್ಕೆಲ್ಲ ಮನೆಗೆಲಸ ಮುಗಿದುಹೋಗುತ್ತಿತ್ತು. "ಇನ್ನಾದರೂ ಆರಾಮಾಗಿರು" ಅಂತ ಎಲ್ಲರೂ ಹೇಳುವವರೇ. ಆದರೆ ಸಹೋದರಿಯರೇ, ಗಂಜಿ ಕೊಡುವ ಹೊತ್ತಾಯಿತೆಂದು ಗಡಬಡಿಸಿ ಎದ್ದು, ಖಾಲಿ ಮಂಚ ನೋಡಿ ನಿಲ್ಲುವವಳಿಗೆ ಆರಾಮ ಎಲ್ಲಿಂದ ಬರಬೇಕು? ಇನ್ನು ನಾನು ಯಾರಿಗೆ ಬೇಕು ಅನ್ನುವ ಕೊರಗು ಶುರುವಾಗಿತ್ತು.

ಮಾಗಡಿಯಲ್ಲಿ ನಾದಿನಿಯ ಮಗಳ ಸೀಮಂತ ಮುಗಿದ ಮಾರನೇ ದಿನ, ನಾದಿನಿ ನನ್ನನ್ನು ಕುದೂರಿನ ಬಸ್ಸು ಹತ್ತಿಸಿದಳು. ಇಳಿದು ಆಟೋ ಹುಡುಕುತ್ತಿದ್ದಾಗ ಹೂ ಮಾರುವ ಹೆಂಗಸು, "ನಡಕೊಂಡೇ ಹೋಗ್ರಮ್ಮ, ದಾರೀಲಿ ನೆರಳೈತೆ" ಅಂದಳು. ಅವಳ ಮಾತು ಸುಳ್ಳಾಗಲಿಲ್ಲ. ಸುಡುವ ಬಿಸಿಲಿನಿಂದ ಮರಗಳ ಕೆಳಗೆ ಕಾಲಿಟ್ಟರೆ ಮಡಕೆ ನೀರು ಕುಡಿದಷ್ಟು ತಂಪು. ಕೆಲವು ಬುಡಗಳನ್ನು ನಾವಿಬ್ಬರು ಸೇರಿ ತಬ್ಬಿದರೂ ಕೈಗೆ ಕೈ ಸಿಗುವಂತಿಲ್ಲ. ಮೇಲೆ ಹಕ್ಕಿಗಳ ಗಲಾಟೆಯೋ ಗಲಾಟೆ.

ತಿಮ್ಮಕ್ಕ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದವರು. ಶಾಲೆಗೆ ಹೋದವರಲ್ಲ, ಕೂಲಿ ಮಾಡಿ ಬದುಕಿದವರು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವಳನ್ನು ನಮ್ಮ ಜನ ಎಂತೆಂಥ ಮಾತಿನಲ್ಲಿ ಇರಿಯುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ದಂಪತಿಗಳು ಆಲದ ಸಸಿಗಳನ್ನು ಮಕ್ಕಳಂತೆ ಸಾಕಲು ಹೊರಟರು. ಮೊದಲ ವರ್ಷ ನೆಟ್ಟದ್ದು ಬರೀ 10 ಸಸಿ. ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲಕ್ಕೆ ನೆಡುವುದು, ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟುವುದು, ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತಂದು ಹಾಕುವುದು. ಹೀಗೆ ಸುಮಾರು 4 ಕಿಲೋಮೀಟರ್ ದಾರಿಗೆ 385 ಮರಗಳಾದವು.

1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ತಿಮ್ಮಕ್ಕ ಒಂಟಿಯಾದರೂ ಮರಗಳ ನಂಟು ಬಿಡಲಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಈ ಮರಗಳಿಗೆ ಕೊಡಲಿ ಬೀಳುವ ಹಾಗಾದಾಗ, ಬೇಡ ಅಂತ ಸರ್ಕಾರವನ್ನು ಕೇಳಿಕೊಂಡವರೂ ಅವರೇ. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಆ ನೆರಳಲ್ಲಿ ಕೂತು ನಾದಿನಿ ತಂದಿದ್ದ ಚಿತ್ರಾನ್ನ ತಿನ್ನುವಾಗ ನನಗೆ ಹೊಳೆದದ್ದು ಇಷ್ಟೇ. ತಿಮ್ಮಕ್ಕನವರು ಹೊಸ ವಿದ್ಯೆಯೇನೂ ಕಲಿಯಲಿಲ್ಲ. ನೀರು ಹೊರುವುದು, ಕಾಯುವುದು, ಸಾಕುವುದು ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಕೆಲಸವೇ. ಮನೆಯೊಳಗೆ ಅದಕ್ಕೆ ಜಾಗ ಸಿಗಲಿಲ್ಲ, ಬೀದಿಗೆ ತಂದರು. ನನ್ನ ಏಳು ವರ್ಷದ ಆರೈಕೆಯೂ ಅತ್ತೆಯವರ ಜೊತೆಗೇ ಮುಗಿದುಹೋಗಬೇಕೆಂದೇನಿಲ್ಲವಲ್ಲ!

ಊರಿಗೆ ಬಂದ ಮೇಲೆ, ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯ ಬಾಗಿಲು ತಟ್ಟಿದೆ. ಈಗ ದಿನಾ ಹನ್ನೊಂದಕ್ಕೆ ಅಲ್ಲಿಗೆ ಹೋಗುತ್ತೇನೆ. ತಲೆ ಬಾಚುತ್ತೇನೆ, ಮಾತ್ರೆ ತೆಗೆದುಕೊಟ್ಟು ಪೇಪರ್ ಓದಿ ಹೇಳುತ್ತೇನೆ. ಒಂದು ದಿನ ತಡವಾದರೆ "ಯಾಕವ್ವ, ಇನ್ನೂ ಬರಲಿಲ್ಲ?" ಅಂತ ಕೇಳಿಸುತ್ತಾರೆ. ಆ ಮಾತು ಕೇಳುವುದೇ ಒಂದು ಸಂತೋಷ.

ನೀವೂ ಒಮ್ಮೆ ಹೋಗಿಬನ್ನಿ. ಮಾಗಡಿಯಿಂದ ಕುದೂರಿಗೆ ಬಸ್ಸಿದೆ. ಬುತ್ತಿ, ಕುಡಿಯುವ ನೀರು ಜೊತೆಗಿರಲಿ. ವಾಹನಗಳು ಜೋರಾಗಿ ಬರುತ್ತವೆ, ರಸ್ತೆಯ ಅಂಚಿನಲ್ಲೇ ನಡೆಯಿರಿ. ಊಟದ ಎಲೆ, ಪ್ಲಾಸ್ಟಿಕ್ಕು ಮರದ ಬುಡದಲ್ಲಿ ಬಿಟ್ಟು ಬರಬೇಡಿ.